ಪಟ್ಟಿಯಲ್ಲಿ ಕೊಡಗು ಹುಡುಕೋದು ಬಿಟ್ಟಿದ್ದೀನಿ

ಸಂಪುಟ ಪುನಾರಚನೆ ಅಂತ ಟೀವಿಯಲ್ಲಿ ಒಂದು ಫ್ಲ್ಯಾಶ್ ಬಂದ್ರೆ ಸಾಕು, ನಮ್ಮ ಊರಿನ ವಾಟ್ಸಾಪ್ ಗ್ರೂಪಲ್ಲಿ ಸಂಭಾವ್ಯರ ಪಟ್ಟಿ ಓಡಾಡೋಕೆ ಶುರು, ಅದನ್ನ ಬರೆದೋರು ಯಾರು ಅಂತ ದೇವರಿಗೂ ಗೊತ್ತಿರಲ್ಲ, ಆದ್ರೂ ಎಲ್ಲರೂ ಓದ್ತಾರೆ, ಓದಿ ಮೊದಲು ಹುಡುಕೋದು ಕೊಡಗು ಉಂಟಾ ಇಲ್ವಾ ಅಂತ. ನಾನು ಆ ಹುಡುಕಾಟ ಬಿಟ್ಟು ಬಹಳ ಕಾಲ ಆಯ್ತು. ನಂಗೆ ಬೇಕಾಗಿರೋದು ಒಂದೇ, ಜಿಲ್ಲಾ ಉಸ್ತುವಾರಿ ಯಾರಿಗೆ ಕೊಟ್ರು, ಯಾವ ತಿಂಗಳಲ್ಲಿ ಕೊಟ್ರು.

ಲೆಕ್ಕ ನೋಡಿ. ವಿಧಾನಸಭೆಯಲ್ಲಿ 224 ಸೀಟು. 2003ರ 91ನೇ ತಿದ್ದುಪಡಿ ಆದ್ಮೇಲೆ ಸದನದ ಶೇ. 15ಕ್ಕಿಂತ ಜಾಸ್ತಿ ಮಂತ್ರಿಗಳನ್ನ ಮಾಡೋ ಹಾಗಿಲ್ಲ, ಅಂದ್ರೆ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. ಇದರಲ್ಲಿ ಲಿಂಗಾಯತರಿಗೆ ಎಷ್ಟು, ಒಕ್ಕಲಿಗರಿಗೆ ಎಷ್ಟು, ದಲಿತರಿಗೆ ಹಿಂದುಳಿದವರಿಗೆ ಅಲ್ಪಸಂಖ್ಯಾತರಿಗೆ ಎಷ್ಟು, ಕಲ್ಯಾಣ ಕರ್ನಾಟಕಕ್ಕೆ ಎಷ್ಟು, ಹಿರಿಯರಿಗೆ ಎಷ್ಟು, ಹೈಕಮಾಂಡ್ ಹೇಳಿದವರಿಗೆ ಎಷ್ಟು ಅಂತ ಹಂಚಿ ಮುಗಿಯೋ ಹೊತ್ತಿಗೆ ಕೊಡಗಿನ ನೆನಪು ಯಾರಿಗೆ ಬರ್ಬೇಕು? ನಮ್ಮದು ಎರಡೇ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. 2008ಕ್ಕೆ ಮುಂಚೆ ಸೋಮವಾರಪೇಟೆ ಸೇರಿ ಮೂರಿತ್ತು, ಕ್ಷೇತ್ರ ವಿಂಗಡಣೆಯಲ್ಲಿ ಅದೂ ಹೋಯ್ತು. ಎರಡು ಸೀಟಿನ ಜಿಲ್ಲೆ ಮುನಿಸಿಕೊಂಡ್ರೆ ಯಾವ ಸರ್ಕಾರವೂ ಬೀಳಲ್ಲ, ಅಷ್ಟೇ ವಿಷಯ.

ಒಂದು ಕಾಲದಲ್ಲಿ ನಮಗೇ ಒಂದು ಸಂಪುಟ ಇತ್ತು ಅಂದ್ರೆ ಈಗಿನ ಹುಡುಗರು ನಗ್ತಾರೆ. ಕೊಡಗು ಪ್ರತ್ಯೇಕ ರಾಜ್ಯ ಆಗಿದ್ದಾಗ, 1952ರಿಂದ 1956ರ ತನಕ, 24 ಜನರ ವಿಧಾನಸಭೆ, ಮಂತ್ರಿಗಳು ಇಬ್ಬರೇ. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಹಣಕಾಸೂ ಅವರದ್ದೇ. ಗೃಹ ಖಾತೆ ಕುಟ್ಟೂರು ಮಲ್ಲಪ್ಪ. ಪುನಾರಚನೆ ಮಾಡ್ಬೇಕು ಅಂದ್ರೂ ಏನಂತ ಮಾಡೋದು ಹೇಳಿ. ಈಗಿನ ನಿಯಮದಲ್ಲಿ ಎಷ್ಟೇ ಸಣ್ಣ ರಾಜ್ಯ ಆದ್ರೂ 12 ಮಂತ್ರಿಗಳ ತನಕ ಮಾಡಬಹುದು, ಅಂದ್ರೆ ಆ ಸದನ ಇವತ್ತು ಇದ್ದಿದ್ರೆ ಅರ್ಧಕ್ಕರ್ಧ ಜನಕ್ಕೆ ಗೂಟದ ಕಾರು ಸಿಗ್ತಿತ್ತು! ಸಿಗ್ತಿದ್ರೆ ಖಂಡಿತ ತಗೊಳ್ತಾನೂ ಇದ್ರು, ನಮ್ಮೋರೇನು ಋಷಿಗಳಲ್ಲ.

ಆಮೇಲೆ ಸಿಕ್ಕಿದ್ದೇ ಇಲ್ಲ ಅಂತಲ್ಲ. ಕುಶಾಲನಗರದ ಗುಂಡೂರಾವ್ 1980ರಿಂದ 83ರ ತನಕ ಮುಖ್ಯಮಂತ್ರಿಯೇ ಆಗಿದ್ರು. ಎಂ.ಸಿ. ನಾಣಯ್ಯ ಕಾನೂನು ಮಂತ್ರಿ ಆಗಿದ್ರು. ಅಪ್ಪಚ್ಚು ರಂಜನ್ ಅವರಿಗೆ 2012ರಲ್ಲಿ ಶೆಟ್ಟರ್ ಸಂಪುಟದಲ್ಲಿ ಕ್ರೀಡೆ ಸಿಕ್ತು, ಹಾಕಿ ಊರು ಅಂತ ಕೊಟ್ರೋ ಉಳಿದಿದ್ದು ಅದೇ ಅಂತ ಕೊಟ್ರೋ ಗೊತ್ತಿಲ್ಲ, ವರ್ಷ ತುಂಬೋದ್ರೊಳಗೆ ಚುನಾವಣೆಯೇ ಬಂತು. ಬೋಪಯ್ಯನವರು ಸ್ಪೀಕರ್ ಆದ್ರು. 2023ರ ಮೇ 27ಕ್ಕೆ 24 ಜನ ಪ್ರಮಾಣವಚನ ತಗೊಂಡು ಸಂಪುಟ 34ಕ್ಕೆ ಭರ್ತಿ ಆಯ್ತಲ್ಲ, ಎರಡೂ ಸೀಟು ಕಾಂಗ್ರೆಸ್ಸಿಗೆ ಕೊಟ್ಟ ಜಿಲ್ಲೆ ಅದರಲ್ಲಿ ಇಲ್ಲ. ಅದಕ್ಕೆ ಮುಂಚೆ ಎರಡೂ ಸೀಟು ಬಿಜೆಪಿಗೆ ಕೊಟ್ಟಿದ್ವಿ, 2019ರಿಂದ ಅವರದ್ದೇ ಸರ್ಕಾರ, ಆಗಲೂ ಇಲ್ಲ. ಹಾಗಾಗಿ ಪಕ್ಷದ ಮೇಲೆ ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ ಮಾರಾಯ್ರೇ, ಇಬ್ಬರೂ ಒಂದೇ ಕ್ಯಾಲ್ಕುಲೇಟರ್ ಇಟ್ಕೊಂಡಿದ್ದಾರೆ.

ನನ್ನ ತಕರಾರು ಬೇರೆ. 2019ರ ಜುಲೈ 26ಕ್ಕೆ ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ತಗೊಂಡ್ರು, 17 ಮಂತ್ರಿಗಳು ಬಂದಿದ್ದು ಆಗಸ್ಟ್ 20ಕ್ಕೆ. ಮಧ್ಯದಲ್ಲಿ ಏನಾಯ್ತು ಅಂತ ಕೊಡಗಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ವಿರಾಜಪೇಟೆ ಕಡೆ ತೋರ ಅನ್ನೋ ಊರಲ್ಲಿ ಗುಡ್ಡ ಜಾರಿದ್ದು ಆಗಲೇ, ಕರಡಿಗೋಡು ಕಡೆ ಹೊಳೆ ಮನೆಯೊಳಗೆ ಬಂದಿದ್ದೂ ಆಗಲೇ. ಅರ್ಧ ರಾಜ್ಯ ನೀರಲ್ಲಿ, ಸಂಪುಟದಲ್ಲಿ ಒಬ್ಬರೇ ಒಬ್ಬರು. ಆ ವಯಸ್ಸಲ್ಲಿ ಆ ಮನುಷ್ಯ ಓಡಾಡಿದ್ದು ನಿಜ, ಅದನ್ನ ಇಲ್ಲ ಅನ್ನಲ್ಲ, ಆದ್ರೆ ಜಿಲ್ಲೆಗೊಬ್ಬ ಕೇಳೋನು ಇರ್ಲಿಲ್ಲ. ಆಮೇಲೆ ಪಕ್ಷ ಬಿಟ್ಟು ಬಂದವರಿಗೆ 2020ರ ಫೆಬ್ರವರಿಯಲ್ಲಿ ಹತ್ತು ಸ್ಥಾನ, 2021ರ ಜನವರಿಯಲ್ಲಿ ಮತ್ತೆ ಏಳು ಹೊಸ ಮಂತ್ರಿಗಳು, ಅವರಲ್ಲಿ ಪಕ್ಷ ಬಿಟ್ಟು ಬಂದವರು ಕೆಲವರು ಮಾತ್ರ. ಆಗ ಖಾತೆ ಹಂಚಿದ ಪಟ್ಟಿ ಹೊರಬಿದ್ದ ಕೂಡ್ಲೇ ಮುನಿಸು, ಕೆಲವೇ ದಿನದಲ್ಲಿ ಕೆಲವರ ಖಾತೆ ತಿರುಗಿ ಮುರುಗಿ ಬದಲಾಯ್ತು. ಜುಲೈನಲ್ಲಿ ಮುಖ್ಯಮಂತ್ರಿಯೇ ಬದಲು, ಬೊಮ್ಮಾಯಿ ಸಂಪುಟ ಬಂದಿದ್ದು ಆಗಸ್ಟ್ 4ಕ್ಕೆ. ಮತ್ತೆ ಅದೇ ಆಗಸ್ಟ್!

ಉಸ್ತುವಾರಿಗಳನ್ನ ನೋಡಿ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಕೆ.ಆರ್. ನಗರದ ಸಾ.ರಾ. ಮಹೇಶ್. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಬೆಂಗಳೂರಿನ ವಿ. ಸೋಮಣ್ಣ. ಆಮೇಲೆ ಉಡುಪಿಯ ಕೋಟ ಶ್ರೀನಿವಾಸ ಪೂಜಾರಿ, ಆಮೇಲೆ ತಿಪಟೂರಿನ ಬಿ.ಸಿ. ನಾಗೇಶ್, 2023ರಲ್ಲಿ ರಾಯಚೂರಿನ ಬೋಸರಾಜು. ಬೋಸರಾಜು ಅವರು ಪ್ರಮಾಣವಚನ ತಗೊಂಡಾಗ ಯಾವ ಸದನದಲ್ಲೂ ಇರ್ಲಿಲ್ಲ, ಆರು ತಿಂಗಳೊಳಗೆ ಆದ್ರೆ ಸಾಕು ಅಂತ ಸಂವಿಧಾನದಲ್ಲೇ ಇದೆ, ಮುಂದಿನ ತಿಂಗಳೇ ಎಂಎಲ್‌ಸಿ ಆದ್ರು, ಅದರಲ್ಲಿ ತಪ್ಪೇನಿಲ್ಲ. ಆದ್ರೆ ರಾಯಚೂರೆಲ್ಲಿ, ಭಾಗಮಂಡಲ ಎಲ್ಲಿ.

ಇವರಲ್ಲಿ ಯಾರೂ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡೋ ಕೆಡಿಪಿ ಸಭೆ ಅಂದ್ರೆ ಹೇಗಿರುತ್ತೆ ಗೊತ್ತಲ್ಲ, ಹೊರಗೆ ಬೆಂಚಲ್ಲಿ ಸಿ ಅಂಡ್ ಡಿ ಜಾಗದ (ಕಂದಾಯದ್ದೋ ಅರಣ್ಯದ್ದೋ ಅಂತ ತಕರಾರಿರೋ ಸರ್ಕಾರಿ ಜಾಗ) ಫೈಲ್ ಹಿಡ್ಕೊಂಡು ಕೂತಿರೋ ಬೆಳೆಗಾರರು, ಒಳಗೆ ಎಸಿ ಸೌಂಡು, ತಟ್ಟೆಯಲ್ಲಿ ಗೋಡಂಬಿ. ಹೊಸ ಮಂತ್ರಿ ಬಂದಾಗ ಅಧಿಕಾರಿಗಳು ಜಮ್ಮಾ ಬಾಣೆಯಿಂದ, ಅಂದ್ರೆ ಇಲ್ಲಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಾಗದಿಂದ, ಪಾಠ ಶುರು ಮಾಡ್ಬೇಕು. ಮರ ಯಾರದ್ದು, ಜಾಗ ಯಾರದ್ದು, ಪಟ್ಟೆದಾರ (ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರೋ ಹಿರಿಯ) ಯಾರು, ಆರ್‌ಟಿಸಿಯಲ್ಲಿ ಯಾರೆಲ್ಲ ಹೆಸರು ಇರ್ಬೇಕು. ಇದು ತಲೆಗೆ ಹತ್ತೋಕೆ ನಮಗೇ ಒಂದು ಆಯುಷ್ಯ ಬೇಕು. ಅವರಿಗೆ ಅರ್ಥ ಆಗಿ, ಸಿದ್ದಾಪುರ ಕಡೆ ಆನೆ ಸಮಸ್ಯೆ ಅಂದ್ರೆ ಏನು ಅಂತ ಒಂದು ಸಲ ತೋಟದೊಳಗೆ ನಡೆದು ನೋಡೋ ಹೊತ್ತಿಗೆ ಪುನಾರಚನೆ. ಮುಂದಿನವರಿಗೆ ಅದೇ ಪಾಠ, ಅದೇ ಗೋಡಂಬಿ.

ನಮ್ಮ ದೊಡ್ಡಪ್ಪ ಒಂದು ಮಾತು ಹೇಳ್ತಾರೆ, "ಮಂತ್ರಿ ಬಾವುಟ ಹಾರಿಸೋಕೆ ಬರ್ತಾರೆ, ತಲಕಾವೇರಿ ತೀರ್ಥೋದ್ಭವಕ್ಕೆ ಬರ್ತಾರೆ, ಮಿಕ್ಕಿದ್ದಕ್ಕೆ ಡಿಸಿ ಇದ್ದಾರಲ್ಲ ಬಿಡು." ನಾನು ಅಷ್ಟು ಸಲೀಸಾಗಿ ಬಿಡಲ್ಲ. ಡಿಸಿ ಪರಿಹಾರದ ಚೆಕ್ ಕೊಡಬಹುದು, ಪರಿಹಾರದ ಮೊತ್ತ ಜಾಸ್ತಿ ಮಾಡ್ಬೇಕು ಅಂತ ಸಂಪುಟದಲ್ಲಿ ಕೂತು ಜಗಳ ಆಡೋಕೆ ಅವರಿಗೆ ಆಗುತ್ತಾ?

ಇನ್ನೊಂದು, ನಮ್ಮೋರಿಗೆ ಮಂತ್ರಿ ಸ್ಥಾನ ಕೊಡಿ ಅಂತ ಪ್ರೆಸ್‌ಮೀಟ್ ಮಾಡೋರು ಯಾವ ಖಾತೆ ಅಂತ ಬಾಯಿ ಬಿಡಲ್ಲ. ಕಾಫಿ ಬೋರ್ಡ್ ಇರೋದು ಕೇಂದ್ರದ ವಾಣಿಜ್ಯ ಇಲಾಖೆ ಕೆಳಗೆ, ಬೆಂಗಳೂರಲ್ಲಿ ಯಾರು ಮಂತ್ರಿ ಆದ್ರೂ ಕಾಫಿ ರೇಟು ಅಲ್ಲಾಡಲ್ಲ. ನಮಗೆ ತಟ್ಟೋದು ಕಂದಾಯ ಮತ್ತು ಅರಣ್ಯ, ರಸ್ತೆಗೆ ಲೋಕೋಪಯೋಗಿ. ಅಂಥ ದೊಡ್ಡ ಖಾತೆಗಳು ಎರಡು ಸೀಟಿನ ಜಿಲ್ಲೆಗೆ ಬರಲ್ಲ ಬಿಡಿ. ಸುಮ್ನೆ ಒಂದು ಸಣ್ಣ ಖಾತೆ, ಗೂಟದ ಕಾರು, ಕುಶಾಲನಗರದಿಂದ ಮಡಿಕೇರಿ ತನಕ ಫ್ಲೆಕ್ಸು, ಅದರಿಂದ ನಂಗೇನೂ ಆಗ್ಬೇಕಾಗಿಲ್ಲ.

ಅದಕ್ಕೇ ನನ್ನ ಡಿಮ್ಯಾಂಡ್ ಬಹಳ ಸಣ್ಣದು. ಪುನಾರಚನೆ ಅವರವರ ಪಕ್ಷದ ತಲೆನೋವು, ಎಷ್ಟು ಸಲ ಬೇಕಾದ್ರೂ ಮಾಡ್ಕೊಳ್ಳಿ, ಯಾರಿಗೆ ಬೇಕಾದ್ರೂ ಕೊಕ್ ಕೊಡ್ಲಿ. ಕೊಡಗಿನ ಉಸ್ತುವಾರಿ ಮಾತ್ರ ಮೈಸೂರು, ಹಾಸನ, ಮಂಗಳೂರು ಕಡೆಯವರಿಗೆ ಕೊಡ್ಲಿ, ರಾತ್ರಿ ಫೋನ್ ಹೋದ್ರೆ ಬೆಳಿಗ್ಗೆ ಮಡಿಕೇರಿಯಲ್ಲಿ ಇರೋ ಹಾಗೆ. ಬದಲಾಯಿಸ್ಬೇಕು ಅಂದ್ರೆ ಮೇ ತಿಂಗಳೊಳಗೆ ಬದಲಾಯಿಸಿ ಮುಗಿಸ್ಲಿ. ಜೂನ್ ಆದ್ಮೇಲೆ ಕೈ ಹಾಕೋದು ಬೇಡ, ಅಕ್ಟೋಬರಲ್ಲಿ ತೀರ್ಥೋದ್ಭವಕ್ಕೆ ಬಂದಾಗ ಅದೇ ಮಂತ್ರಿ ಇರ್ಲಿ, ಮಳೆಗಾಲದಲ್ಲಿ ಏನು ಮಾಡಿದ್ರಿ ಅಂತ ಅಲ್ಲೇ ಭಾಗಮಂಡಲದಲ್ಲಿ ನಿಲ್ಲಿಸಿ ಕೇಳೋಣ.