ಮೇ ತಿಂಗಳ ಮೊಟ್ಟೆ: ಹಿತ್ತಲಿನ ತುಡುವೆ ಪೆಟ್ಟಿಗೆಯ ಬೇಸಿಗೆ ವರದಿ

ಮೇ ಮುಗಿಯುತ್ತ ಬಂದಿದೆ, ಪೆಟ್ಟಿಗೆಯಲ್ಲಿ ಮೊಟ್ಟೆ ಇದೆ. ಮಲೆನಾಡಿನಲ್ಲಿ ಜೇನು ಸಾಕುವವರಿಗೆ ಇದು ಸುದ್ದಿಯೇ ಅಲ್ಲ. ಕೊಪ್ಪಳದ ಹಿತ್ತಲಿನಲ್ಲಿ, ಸುತ್ತಲಿನ ಬಂಡೆಗುಡ್ಡಗಳು ರಾತ್ರಿಯೂ ಬಿಸಿ ಉಗುಳುವ ಊರಿನಲ್ಲಿ, 42 ಡಿಗ್ರಿಯ ದಿನಗಳಲ್ಲಿ ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ದೇಸಿ ಜೇನಿನ, ರಾಣಿ ಮೊಟ್ಟೆ ಇಡುತ್ತಿದ್ದಾಳೆ ಎಂದರೆ ಓಣಿಗೆಲ್ಲ ಪೇಡೆ ಹಂಚಬೇಕು.

ಹಿಂದಿನ ಬೇಸಿಗೆಗಳದ್ದು ಒಂದೇ ಕಥೆ. ತೊಗರಿ, ಹಿಂಗಾರಿನ ಕುಸುಬೆಯಿಂದ ಬೇವಿನ ಹೂವಿನವರೆಗೆ ಎಲ್ಲವೂ ಸುಸೂತ್ರ. ಆಮೇಲೆ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತಾಳೆ. ಇದ್ದ ಮರಿಗಳು ನೊಣವಾಗಿ ಹೊರಬರುವವರೆಗೆ ಕುಟುಂಬ ಕಾಯುತ್ತದೆ, ಕೂಡಿಟ್ಟ ಜೇನುತುಪ್ಪವನ್ನು ಕುಡಿದು ಮುಗಿಸುತ್ತದೆ, ಒಂದು ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಎದ್ದು ಹೋಗುತ್ತವೆ. ಪಾಲಾಗಿ ಹೋದರೆ ಅರ್ಧ ಕುಟುಂಬವಾದರೂ ಉಳಿಯುತ್ತದೆ. ಪರಾರಿಯಾದರೆ, ಬಾಡಿಗೆದಾರರು ಕಸ ಗುಡಿಸಿ ಕೀಲಿ ಕೊಟ್ಟು ಹೋದ ಮನೆಯಂತೆ, ಮೇಣದ ಖಾಲಿ ಎರಿ ಮಾತ್ರ. ಅದಕ್ಕೆ ಮೇಣದ ಪತಂಗ ಬರುವುದು ಮರುವಾರದ ಮಾತು.

ಪೆಟ್ಟಿಗೆ ಕಟ್ಟಿದ ವಿವರ ಬೇಡ. ತುಡುವೆಗೆಂದೇ ಇರುವ ನ್ಯೂಟನ್ ಪೆಟ್ಟಿಗೆಯ ಅಳತೆ, ಹಳೆಯ ಬಾಗಿಲಿನ ಹಲಗೆ, ಅಷ್ಟೇ. ಆದರೆ ಬಡಗಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಜೇನು ಸಾಕಣೆಗಾರ ಲಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡ, ನೊಣ ಎರಿ ಕಟ್ಟದೆ ಓಡಾಡಲು ಬಿಡುವ ಅಂತರ ಯೂರೋಪಿನ ನೊಣದ್ದು, ನಮ್ಮ ತುಡುವೆಗೆ ಚೌಕಟ್ಟುಗಳ ನಡುವೆ 7–8 ಮಿಲಿಮೀಟರ್ ಸಾಕು ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದೆ. "ಒಂದು ನೂಲು ಆಚೀಚೆ ಆದರೆ ನೊಣಕ್ಕೇನು ಗೊತ್ತಾಗುತ್ತದೆ ಸರ್" ಎಂದರು. ನೊಣಕ್ಕೆ ಗೊತ್ತಾಯಿತು. ಎರಡು ಚೌಕಟ್ಟುಗಳನ್ನು ಸೇರಿಸಿ ಅಡ್ಡಡ್ಡ ಎರಿ ಕಟ್ಟಿ, ಒಂದನ್ನು ಎತ್ತಿದರೆ ಎರಡೂ ಮೇಲೆ ಬರುವಂತೆ ಮಾಡಿಟ್ಟವು. ಈಗ ಚೌಕಟ್ಟುಗಳನ್ನು ನಾನೇ ಕೊಯ್ದುಕೊಳ್ಳುತ್ತೇನೆ.

ನೊಣ ಎರಿ ಕಟ್ಟಲೆಂದು ಚೌಕಟ್ಟಿಗೆ ಹಾಕುವ ಮೇಣದ ಹಾಳೆ ಕಳಿಸುವವರದ್ದು ಇನ್ನೊಂದು ಪುರಾಣ. ಏಪ್ರಿಲ್‌ನಲ್ಲಿ ಬಂದ ಪಾರ್ಸೆಲ್ ಬಿಚ್ಚಿದರೆ ಹಾಳೆಗಳ ಬದಲು ಒಂದು ಉಂಡೆ. ಫೋನ್ ಮಾಡಿದರೆ "ನಿಮ್ಮ ಕಡೆ ಬಿಸಿಲು ಜಾಸ್ತಿಯಲ್ಲವೇ ಸರ್" ಎಂಬ ಸಮಾಧಾನ. ಶುದ್ಧ ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ. ಪಾರ್ಸೆಲ್ ಗಾಡಿಯಲ್ಲಿ ಅದು ಮೆತ್ತಗಾಗಬಹುದು, ಹೀಗೆ ಮುದ್ದೆಯಾಗುವುದಿಲ್ಲ. ಮೂಸಿದರೆ ಜೇನಿನ ವಾಸನೆ ಇಲ್ಲ, ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿಯ ವಾಸನೆ. ಪ್ಯಾರಾಫಿನ್ ಬೆರೆಸಿದ ಹಾಳೆಗೆ ಜೇನುಮೇಣದ ಬೆಲೆ ಕೊಟ್ಟು ಬಿಸಿಲಿನ ಪಾಠವನ್ನೂ ಕೇಳಬೇಕು. ಆ ಉಂಡೆಯನ್ನು ಬಡಗಿಗೆ ಕೊಟ್ಟೆ, ಗರಗಸಕ್ಕೆ ಸವರಿಕೊಳ್ಳಲು ಚೆನ್ನಾಗಿದೆಯಂತೆ.

ಕುಟುಂಬವನ್ನು ಮಾತ್ರ ಈ ಸಲ ಕೊಳ್ಳಲಿಲ್ಲ. ಮಾರಾಟಕ್ಕೆ ಬರುವುದು ಹೆಚ್ಚಾಗಿ ಬೆಟ್ಟಸೀಮೆಯ ಕಪ್ಪು ತುಡುವೆ; ಅದಕ್ಕೆ ನಮ್ಮ ಏಪ್ರಿಲ್ ಒಗ್ಗುವುದಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿ ಕೊಲ್ಲುವ ವೈರಸ್ ರೋಗ ದಕ್ಷಿಣದ ತುಡುವೆಯನ್ನು ಗುಡಿಸಿ ಹಾಕಿದ್ದನ್ನು ಬಲ್ಲವರು ಗುರುತಿಲ್ಲದ ಕಡೆಯಿಂದ ಕುಟುಂಬ ತರಲು ಇಂದಿಗೂ ಹಿಂಜರಿಯುತ್ತಾರೆ. ಹೊಲದ ಹಾಳು ಬಾವಿಯ ಕಲ್ಲುಸಂದಿಯಲ್ಲಿ ಬಯಲುಸೀಮೆಯ ಸಣ್ಣ ಹಳದಿ ತುಡುವೆ ಇತ್ತು. ಅದನ್ನೇ ಇಳಿಸಿ ತಂದೆ. ಬೇಸಿಗೆಯಲ್ಲೂ ಅದು ಆ ಬಾವಿ ಬಿಟ್ಟು ಹೋಗುತ್ತಿರಲಿಲ್ಲ ಎಂದು ಹೊಲದವರು ಹೇಳಿದ ಮಾತು ತಲೆಯಲ್ಲಿ ಕುಳಿತಿತ್ತು.

ಈಗ ಅಸಲು ತಕರಾರಿಗೆ ಬರೋಣ. ಬಿಸಿಲು ಎಂದ ಕೂಡಲೇ ಎಲ್ಲರೂ ಹೇಳುವ ಮದ್ದು ಒದ್ದೆ ಗೋಣಿಚೀಲ. ಹೊದಿಸಿ ನೋಡಿದವರಿಗೆ ಮುಂದಿನದ್ದು ಗೊತ್ತು. ಹಲಗೆ ಉಬ್ಬಿ ಒಳಮುಚ್ಚಳ ಉಳಿ ಹಾಕದೆ ಏಳುವುದಿಲ್ಲ, ಮುಚ್ಚಳವಿಲ್ಲದ ಕೋಶಗಳ ತುಪ್ಪ ಹುಳಿ ವಾಸನೆ ಹೊಡೆಯುತ್ತದೆ, ಅಡಿಮಣೆಯ ಮೂಲೆಯಲ್ಲಿ ಪತಂಗದ ಹುಳುಗಳು ಬಿಳಿ ಬಲೆ ನೇಯುತ್ತವೆ. ಥರ್ಮೊಕೋಲ್ ಹಾಳೆಯನ್ನು ಮೇಲ್ಮುಚ್ಚಳದೊಳಗೆ ಅಂಟಿಸಿದ ವರ್ಷ ನೊಣಗಳು ಅದನ್ನು ಕಡಿದು ಕಡಿದು ಬಿಳಿ ಕಾಳುಗಳನ್ನು ಬಾಗಿಲಿಗೆ ತಂದು ಚೆಲ್ಲಿದವು. ಉಳಿದ ಭಾಗದಲ್ಲಿ ಇರುವೆಗಳು ಮೊಟ್ಟೆ ಸಮೇತ ಬಿಡಾರ ಹೂಡಿದವು. ನಾಲ್ಕು ಕಾಲುಗಳೂ ನೀರಿನ ಬಟ್ಟಲಲ್ಲಿದ್ದವು, ಆದ್ದರಿಂದ ಅವು ಬೇವಿನ ಕೊಂಬೆಯಿಂದಲೇ ಉದುರಿರಬೇಕು. ಕೆಮ್ಮಣ್ಣು, ಸಗಣಿಯ ಲೇಪ ನೋಡಲು ಚೆಂದವಿತ್ತು. ಈ ಎಲ್ಲ ಉಪಚಾರಗಳಲ್ಲೂ ಹಲಗೆ ತಣ್ಣಗಾಯಿತು. ನೊಣ ಹೋದವು.

ಈ ಸಲ ಮೀನಿನ ತೊಟ್ಟಿಗೆ ಹಾಕುವ, ಉದ್ದ ತಂತಿಯ ಅಗ್ಗದ ಥರ್ಮಾಮೀಟರ್ ತಂದೆ. ಏಪ್ರಿಲ್ ಮೊದಲ ವಾರದ ಮಧ್ಯಾಹ್ನ ಎರಡಕ್ಕೆ ಮರಿ ಎರಿಗಳ ನಡುವೆ 36, ಮೇಲ್ಮುಚ್ಚಳದ ತಗಡಿನ ಕೆಳಗೆ 51. ಮರಿಗಳಿಗೆ ಬೇಕಾದದ್ದು 33ರಿಂದ 36. ಅಂದರೆ ನೊಣಗಳು ಹೇಗೋ ನಿಭಾಯಿಸುತ್ತಿದ್ದವು, ಆದರೆ ಇಡೀ ಕುಟುಂಬ ನೀರು ಹೊರುವುದರಲ್ಲಿ, ಗಾಳಿ ಬೀಸುವುದರಲ್ಲಿ ಸವೆಯುತ್ತಿತ್ತು. ಬೇಲಿಯ ಬಳ್ಳಾರಿ ಜಾಲಿಯಲ್ಲಿ ಹೂವಿದ್ದರೂ ಅತ್ತ ಹೋಗಲು ಆಳೇ ಇರಲಿಲ್ಲ.

ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದಾಗ ಕಂಡದ್ದು ಇದು. ಬಾಗಿಲ ಹಲಗೆಯ ಮೇಲೆ ಏಳೆಂಟು ನೊಣಗಳು ಕಾಲು ಊರಿ ನಿಂತು ರೆಕ್ಕೆ ಬೀಸುತ್ತಿದ್ದವು. ರೆಕ್ಕೆ ಕಾಣುತ್ತಿರಲಿಲ್ಲ, ಬೆನ್ನಿನ ಮೇಲೆ ಒಂದು ಮಸುಕು ಮಾತ್ರ. ಎಲ್ಲದರ ತಲೆ ಅಂಗಳದ ಕಡೆ, ಹಿಂಭಾಗ ಬಾಗಿಲ ಕಡೆ. ಪುಸ್ತಕಗಳ ಚಿತ್ರದಲ್ಲಿರುವ ಮೆಲ್ಲಿಫೆರಾ, ಅಂದರೆ ಯೂರೋಪಿನ ನೊಣ, ತಲೆಯನ್ನು ಬಾಗಿಲಿಗೆ ಮಾಡಿ ನಿಂತು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ತುಡುವೆ ತದ್ವಿರುದ್ಧ, ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಇದನ್ನು ಎಂದೋ ಓದಿದ್ದೆ. ಓದಿದ್ದು ಉಪಯೋಗಕ್ಕೆ ಬರುವುದು ಹೀಗೆ ಬೆವರು ಸುರಿಯುವಾಗಲೇ. ದೇವರ ಮನೆಯಿಂದ ಊದಿನಕಡ್ಡಿ ತಂದು ದೂರದಿಂದ ಹಿಡಿದೆ. ಹೊಗೆಯ ಎಳೆ ಬಾಗಿ, ನೊಣಗಳ ನಡುವೆ ನುಸುಳಿ, ನೇರ ಒಳಗೆ ಹೋಯಿತು.

ಆ ಬಾಗಿಲ ಮುಂದೆ ಏನಿತ್ತು? ಪಡುವಣ ಬಿಸಿಲಿಗೆ ಕಾದ ಶಹಾಬಾದ್ ಕಲ್ಲಿನ ಹಾಸು. ಕಲ್ಲಿನ ಮೇಲೆ ತಂತಿ ಇಟ್ಟರೆ 56, ಬಾಗಿಲ ಮಟ್ಟದ ಗಾಳಿ 46. ಪಾಪ, ಅವು ಶ್ರದ್ಧೆಯಿಂದ ಕುಲುಮೆಯ ಗಾಳಿಯನ್ನೇ ಮನೆಯೊಳಗೆ ತುಂಬುತ್ತಿದ್ದವು. ಮೇಲೆ ಥರ್ಮೊಕೋಲ್ ಜಡಿದಿದ್ದಾಗ ಆ ಗಾಳಿಗೆ ಹೊರದಾರಿಯೂ ಇರಲಿಲ್ಲ. ತಂಪು ಮಾಡಬೇಕಾದದ್ದು ಬಾಗಿಲ ಮುಂದಿನ ಗಾಳಿಯನ್ನು. ಪೆಟ್ಟಿಗೆ ಒಣಗಿದ್ದಷ್ಟೂ ಒಳ್ಳೆಯದು. ಹಾಳು ಬಾವಿಯಲ್ಲಿ ಇದ್ದದ್ದೂ ಅದೇ ಅಲ್ಲವೇ!

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ತರಕಾರಿ ಇಡಲು ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆ ನಿಮಗೆ ಗೊತ್ತಿರುತ್ತದೆ: ಎರಡು ಸಾಲು ಇಟ್ಟಿಗೆ, ನಡುವೆ ಏಳೂವರೆ ಸೆಂಟಿಮೀಟರ್ ಒದ್ದೆ ಮರಳು. ಅದರೊಳಗೆ ಪೆಟ್ಟಿಗೆ ಇಟ್ಟರೆ ಗೋಣಿಚೀಲದ ಕಥೆಯೇ ಮರುಕಳಿಸುತ್ತದೆ, ಅಲ್ಲಿನ ತೇವ ಟೊಮೆಟೊಗೆ ಹಿತ, ತುಪ್ಪಕ್ಕೆ ಅಲ್ಲ. ಹಾಗಾಗಿ ನಾಲ್ಕು ಗೋಡೆಯ ಬದಲು ಸೊಂಟದೆತ್ತರದ ಒಂದೇ ಗೋಡೆಯನ್ನು ಪಶ್ಚಿಮಕ್ಕೆ ಕಟ್ಟಿದೆ. ಸಿಮೆಂಟ್ ಇಲ್ಲ, ಬರೀ ಜೋಡಣೆ. ಪೆಟ್ಟಿಗೆಯ ಬಾಗಿಲು ಆ ಗೋಡೆಗೆ ಒಂದು ಮೊಳದ ಅಂತರದಲ್ಲಿ, ಓರೆಯಾಗಿ, ಹಾರುವ ದಾರಿ ಬಿಟ್ಟು. ದಿನಕ್ಕೆ ಒಂದಿಷ್ಟೇ ತಿರುಗಿಸಿದ್ದರಿಂದ ಹೊರಗೆ ಹೋದ ನೊಣಗಳು ದಾರಿ ತಪ್ಪಲಿಲ್ಲ. ಮುಂದಿನ ಕಲ್ಲುಗಳನ್ನು ಕಿತ್ತು ಮಣ್ಣು ಹರವಿದೆ. ಮರಳಿನ ವ್ಯಾಪಾರಿ ಹೊಳೆ ಮರಳು ಎಂದು ಒಪ್ಪಿ ಎಂ-ಸ್ಯಾಂಡ್ ಸುರಿದು ಹೋದರು. ಅದರ ಧೂಳು ನೀರಿಗೆ ಕೆಸರಾಗಿ ಗಟ್ಟಿಯಾಯಿತು, ಜರಡಿ ಹಿಡಿದು ಮತ್ತೆ ತುಂಬಬೇಕಾಯಿತು. ತುಂಗಭದ್ರೆ ಇಷ್ಟು ಹತ್ತಿರವಿದ್ದೂ ಒಂದು ಪುಟ್ಟಿ ಒಳ್ಳೆಯ ಮರಳಿಗೆ ಗೋಗರೆಯುವ ಕಾಲ.

ನೀರಿಗೆ ಒಂದು ಕ್ಯಾನು, ಔಷಧದ ಅಂಗಡಿಯ ಸಲೈನ್ ನಳಿಕೆ. ಹನಿ ಎಷ್ಟು ಬೇಕೆಂದು ಚಕ್ರ ತಿರುಗಿಸಿದರೆ ಆಯಿತು, ಇದಕ್ಕಿಂತ ನಿಖರವಾದ ಹನಿ ನೀರಾವರಿ ಇಲ್ಲ. ರೋಗಿ ಹೇಗಿದ್ದಾರೆ ಎಂದು ಅಂಗಡಿಯವರು ಕೇಳಿದರು. ಗೋಡೆ ಎಂದೆ.

ಮೇಲ್ಮುಚ್ಚಳಕ್ಕೆ ಜೋಳದ ಕಣಿಕೆ ಹರವಿ, ನಾಲ್ಕು ಬೆರಳು ಸಂದು ಬಿಟ್ಟು ಹೆಂಚು ಹೊದಿಸಿದೆ. ಪೆಟ್ಟಿಗೆಯ ಹಿಂಭಾಗದಲ್ಲಿ, ಒಳಮುಚ್ಚಳಕ್ಕೆ ಹತ್ತಿಕೊಂಡಂತೆ, ಒಂದು ತೂತು ಕೊರೆದು ಸೊಳ್ಳೆ ಜಾಲರಿ ಬಡಿದೆ. ತುಡುವೆ ಅಂಟು ತಂದು ಮೆತ್ತುವ ನೊಣವಲ್ಲದ್ದರಿಂದ ಜಾಲರಿ ಮುಚ್ಚಿಹೋಗುವ ಭಯವಿಲ್ಲ. ಅದೇ ಎರಡು ಗಂಟೆಗೆ ಈಗ ಬಾಗಿಲ ಗಾಳಿ 36, ತಗಡಿನ ಕೆಳಗೆ 39. ಬೀಸುವ ನೊಣ ಎರಡೋ ಮೂರೋ. ಊದಿನಕಡ್ಡಿಯ ಹೊಗೆ ಮುಂದೆ ಹೋಗಿ ಹಿಂದಿನ ಜಾಲರಿಯಿಂದ ಹೊರಬೀಳುತ್ತದೆ. ಇದನ್ನು ನೋಡಲೆಂದೇ ನಾಲ್ಕೈದು ಕಡ್ಡಿ ವ್ಯರ್ಥ ಮಾಡಿದ್ದೇನೆ, ಮನೆಯಲ್ಲಿ ಪೂಜೆಗೆ ಕಡ್ಡಿ ಸಾಲದೆ ಬಂದಿದೆ.

ಎಣಿಸದೆ ಸಿಕ್ಕ ಲಾಭ ಇನ್ನೊಂದು. ನೊಣಗಳು ಒದ್ದೆ ಇಟ್ಟಿಗೆಯ ಸಂದಿಗೇ ನಾಲಿಗೆ ಹಚ್ಚಿ ನೀರು ಕುಡಿಯುತ್ತಿವೆ. ಪ್ರತಿ ಬೇಸಿಗೆಯಲ್ಲೂ ಪಕ್ಕದ ಮನೆಯ ಅಜ್ಜಿಯ ಬಟ್ಟೆ ಒಗೆಯುವ ಕಲ್ಲನ್ನು ಮುತ್ತುತ್ತಿದ್ದವು, "ನಿಮ್ಮ ನೊಣಕ್ಕೆ ನಮ್ಮ ಮನೆ ನೀರೇ ರುಚಿಯೇನು ತಮ್ಮಾ?" ಎಂದು ಕೇಳಿಸಿಕೊಳ್ಳುತ್ತಿದ್ದೆ. ಮೊನ್ನೆ ಅವರೇ ಗೋಡೆಯಾಚೆಯಿಂದ ಇಣುಕಿ, "ಒಂದೂ ಬರುತ್ತಿಲ್ಲವಲ್ಲ, ಸತ್ತವೇನು?" ಎಂದು ವಿಚಾರಿಸಿದರು.

ಮಳೆ ಬಿದ್ದ ದಿನವೇ ಸಲೈನ್ ಬಂದ್. ಹುಣಸೆ ಹೂವಿನ ನಂತರ ಮುಂಗಾರಿನ ಸೂರ್ಯಕಾಂತಿ ಬರುವವರೆಗೆ ತೆಳು ಸಕ್ಕರೆ ಪಾಕ, ಅದೂ ಸಂಜೆ. ಸೂರ್ಯಕಾಂತಿ ತುಪ್ಪಕ್ಕೆ ಎರಿಗಳನ್ನು ಗಿರಗಿರ ತಿರುಗಿಸಿ ತುಪ್ಪ ತೆಗೆಯುವ ಯಂತ್ರ ಬೇಕು. ಸ್ಟೀಲ್ ಡಬ್ಬಿ ಸಿಕ್ಕಿದೆ, ಕೈ ಬಿಟ್ಟರೂ ಬುಟ್ಟಿ ತಿರುಗುತ್ತಲೇ ಇರಲೆಂದು ಸೈಕಲ್ಲಿನ ಫ್ರೀವೀಲ್ ಹುಡುಕುತ್ತಿದ್ದೇನೆ. ಸೈಕಲ್ ಅಂಗಡಿಯವರು ಹಲ್ಲು ಸವೆದದ್ದನ್ನು ಹೊಸದರ ಬೆಲೆಗೆ ಹೇಳುತ್ತಿದ್ದಾರೆ.

ಆದರೆ ಮನಸ್ಸು ಆಗಲೇ ಬೇರೆ ಕಡೆ ಓಡಿದೆ. ಹಿಮಾಚಲ, ಉತ್ತರಾಖಂಡದ ಹಳ್ಳಿಗಳಲ್ಲಿ ಮನೆಯ ಗೋಡೆಯೊಳಗೇ ತುಡುವೆ ಸಾಕುತ್ತಾರೆ. ನೊಣಕ್ಕೆ ಹೊರಗಿನಿಂದ ಕಿಂಡಿ, ಮನೆಯವರಿಗೆ ಒಳಗಿನಿಂದ ಹಲಗೆಯ ಮುಚ್ಚಳ. ಅಲ್ಲಿ ಅದು ಚಳಿಗೆ. ನಮ್ಮ ಹಳೆಯ ಮನೆಯ ಎರಡು ಮೊಳದ ಕಲ್ಲುಮಣ್ಣಿನ ಗೋಡೆ ಬಿಸಿಲಿಗೂ ಅಷ್ಟೇ ಒಳ್ಳೆಯದಲ್ಲವೇ? ಉತ್ತರದ ಗೋಡೆಯಲ್ಲಿ ದೀಪ ಇಡುವ ಗೂಡು ಹೇಗೂ ಖಾಲಿ ಇದೆ, ಹೊರಕ್ಕೆ ಹೆಬ್ಬೆರಳಿನಷ್ಟು ತೂತು ಕೊರೆದರೆ ಸಾಕು. ಆ ಗೂಡು ಇರುವುದು ಮಲಗುವ ಕೋಣೆಯಲ್ಲಿ ಎಂಬ ಸಣ್ಣ ತೊಡಕು ಉಂಟು. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.