ದಿನವಿಡೀ ತಿನ್ನೋದೇ ನಿಮ್ಮ ಕೆಲಸ, ಅಲ್ವಾ?

ಮದುವೆ ಮನೆಯಲ್ಲಿ, ರೈಲಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ, ಎಲ್ಲಿ ನನ್ನ ಕೆಲಸದ ಮಾತು ಬಂದರೂ ಮುಂದಿನ ಪ್ರಶ್ನೆ ಇದೇ. "ಫುಡ್ ಪ್ರಾಡಕ್ಟ್ ಡೆವಲಪರ್ ಅಂದ್ರೆ ಹೊಸ ಹೊಸ ತಿಂಡಿ ಮಾಡಿ ರುಚಿ ನೋಡೋದಾ? ದಿನವಿಡೀ ತಿನ್ನೋದೇ ಕೆಲಸ, ಅಲ್ವಾ?" ಕೇಳುವವರ ಮುಖದಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಕಾಣುತ್ತದೆ.

ನಿಜ ಹೇಳಬೇಕೆಂದರೆ ತಿನ್ನುವುದಕ್ಕಿಂತ ಉಗುಳುವುದೇ ಜಾಸ್ತಿ. ಒಂದೇ ಸಾರಿನ ಪುಡಿಯ ಆರೇಳು ಮಾದರಿ ಸಾಲಾಗಿ ಮುಂದೆ ಬಂದಾಗ ಎಲ್ಲವನ್ನೂ ನುಂಗುತ್ತಾ ಹೋದರೆ ಅರ್ಧ ದಾರಿಯಲ್ಲೇ ನಾಲಿಗೆ ಸೋಲುತ್ತದೆ. ಒಂದು ಚಮಚ ಬಾಯಿಗೆ ಹಾಕಿಕೊಳ್ಳಬೇಕು, ಪಕ್ಕದ ಲೋಟಕ್ಕೆ ಉಗುಳಬೇಕು, ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬರೆದುಕೊಳ್ಳಬೇಕು. ಅದೂ ಬೆಳಗಿನ ತಿಂಡಿ ಕರಗಿ, ಊಟದ ಹಸಿವು ಇನ್ನೂ ಜೋರಾಗದ ಹೊತ್ತಿನಲ್ಲಿ. ಉಳಿದ ದಿನವೆಲ್ಲ ತೂಕದ ಯಂತ್ರ, ಎಕ್ಸೆಲ್ ಶೀಟು, ಪ್ಲಾಂಟಿನಿಂದ ಬರುವ ಫೋನು.

ಹೊಸ ರುಚಿ ಕಂಡುಹಿಡಿಯುವುದು ಇದರಲ್ಲಿ ಸಣ್ಣ ಭಾಗ. ಅದನ್ನು ಯಾವ ಅಜ್ಜಿ ಬೇಕಾದರೂ ನನಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಅಜ್ಜಿಯ ರುಚಿ ಒಲೆಯಿಂದ ತಟ್ಟೆಗೆ ಬರುವ ತನಕ ಉಳಿದರೆ ಸಾಕು. ನಮ್ಮದು ಗೋದಾಮು, ಲಾರಿ, ಬಿಸಿಲು, ಮಳೆ, ಅಂಗಡಿಯ ಶೆಲ್ಫು ಎಲ್ಲ ದಾಟಿ, ಏಳೆಂಟು ತಿಂಗಳಾದ ಮೇಲೂ ಯಾರದೋ ಅಡುಗೆಮನೆಯಲ್ಲಿ ಹಾಗೇ ಇರಬೇಕು. ಸಂಬಳ ಕೊಡುವುದು ಅದಕ್ಕೆ.

ಎಲ್ಲರಿಗೂ ಗೊತ್ತಿರುವ ರವೆ ಇಡ್ಲಿ ಮಿಕ್ಸನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಎಂಬ ಕಥೆ ಕೇಳಿರುತ್ತೀರಿ. ಮನೆಯಲ್ಲಿ ಇದು ಸುಲಭದ ತಿಂಡಿ. ರವೆ ಹುರಿದು, ಒಗ್ಗರಣೆ ಹಾಕಿ, ಮೊಸರು ಕಲಸಿ, ಚಿಟಿಕೆ ಸೋಡಾ ಹಾಕಿದರೆ ಆಯಿತು. ಮೊಸರಿನ ಹುಳಿ ಸೋಡಾಗೆ ತಾಗಿ ಗಾಳಿಗುಳ್ಳೆ ಏಳುತ್ತದೆ, ಇಡ್ಲಿ ಉಬ್ಬುತ್ತದೆ.

ಈಗ ಇದನ್ನೇ ಪ್ಯಾಕೆಟ್ಟಿಗೆ ತುಂಬಿ ನೋಡಿ. ಸೋಡಾ ಒಳಗಿದೆ, ಹುಳಿಗೆ ಸಿಟ್ರಿಕ್ ಆಸಿಡ್ ಕೂಡ ಒಳಗಿದೆ. ಇವೆರಡೂ ಪಕ್ಕಪಕ್ಕದಲ್ಲಿದ್ದರೂ ಸುಮ್ಮನಿರಬೇಕು. ಚೂರು ತೇವ ಸಿಕ್ಕರೂ ಅಲ್ಲೇ ಕೆಲಸ ಶುರು ಮಾಡಿಬಿಡುತ್ತವೆ. ಪ್ಯಾಕೆಟ್ಟು ಬಲೂನಿನ ಹಾಗೆ ಊದುತ್ತದೆ, ಮನೆಯಲ್ಲಿ ಇಡ್ಲಿ ಹಪ್ಪಳವಾಗುತ್ತದೆ. ಸಾಮಾನ್ಯ ರವೆಯಲ್ಲಿ ಶೇ 12-13ರಷ್ಟು ನೀರಿನಂಶ ಇರುತ್ತದೆ. ಹುರಿಯುವುದು ಘಮಕ್ಕೆ ಅಂತ ನೀವು ಅಂದುಕೊಂಡಿರುತ್ತೀರಿ. ನಮಗೆ ಅದು ನೀರು ಓಡಿಸುವುದಕ್ಕೆ, ಜೊತೆಗೆ ಹುಳದ ಮೊಟ್ಟೆ ಇದ್ದರೆ ಸಾಯಿಸುವುದಕ್ಕೂ. ಅದೂ ಸಾಲದು ಅನ್ನಿಸಿದರೆ ಕೊಬ್ಬಿನ ತೆಳು ಲೇಪ ಇರುವ ಸಿಟ್ರಿಕ್ ಆಸಿಡ್ ತರಿಸುತ್ತೇವೆ. ಇಡ್ಲಿ ಪಾತ್ರೆಯ ಬಿಸಿಗೆ ಲೇಪ ಕರಗುತ್ತದೆ, ಹುಳಿ ಆಗ ಹೊರಗೆ ಬರುತ್ತದೆ. ಬೆಲೆ ಜಾಸ್ತಿ. ಹಾಗಾಗಿ ಪರ್ಚೇಸ್‌ನವರ ಜೊತೆ ಜಗಳ ಗ್ಯಾರಂಟಿ.

ಲ್ಯಾಬಿನಲ್ಲಿ ಒಂದು ಕಿಲೋ ಮಾಡಿದಾಗ ಚಿನ್ನದಂಥ ಇಡ್ಲಿ. ಪ್ಲಾಂಟಿನಲ್ಲಿ ದೊಡ್ಡ ಬ್ಲೆಂಡರಿಗೆ ಹಾಕಿದಾಗ ಇನ್ನೊಂದು ತಲೆನೋವು. ರವೆ ತರಿತರಿ, ಸೋಡಾ ನುಣ್ಣಗಿನ ಪುಡಿ. ಲಾರಿ ಕುಲುಕುತ್ತಾ ಹೋದಂತೆ ನುಣ್ಣಗಿನದು ಜರುಗಿ ತಳ ಸೇರುತ್ತದೆ. ಗೃಹಿಣಿ ಅರ್ಧ ಪ್ಯಾಕೆಟ್ ಇವತ್ತು, ಅರ್ಧ ಮುಂದಿನ ಭಾನುವಾರ ಬಳಸಿದರೆ, ಮೊದಲ ದಿನದ ಇಡ್ಲಿ ಕಲ್ಲು. ಎರಡನೇ ದಿನದ್ದು ಹಳದಿ ಹಳದಿ, ಬಾಯಿಗೆ ಸೋಪಿನ ರುಚಿ. ಎರಡೂ ಒಂದೇ ಪ್ಯಾಕೆಟ್ ಅಂದರೆ ಯಾರು ನಂಬುತ್ತಾರೆ? ಇದಕ್ಕೆ ಮದ್ದು ಒಗ್ಗರಣೆಯ ಎಣ್ಣೆಯಲ್ಲೇ ಇದೆ. ಮೊದಲು ರವೆಗೆ ಎಣ್ಣೆ ಸವರಿಕೊಳ್ಳುವಂತೆ ತಿರುಗಿಸಿ, ಸೋಡಾವನ್ನು ಆಮೇಲೆ ಹಾಕಿದರೆ ಪುಡಿ ರವೆಗೆ ಅಂಟಿಕೊಂಡು ಕೂರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ತಿರುಗಿಸಬೇಕು ಎಂದು ಬರೆದಿಡುವುದರಲ್ಲೇ ನಮ್ಮ ಎಷ್ಟೋ ದಿನಗಳು ಕಳೆಯುತ್ತವೆ.

ಎಣ್ಣೆ ಬಂತು ಅಂದರೆ ಕಮಟು ವಾಸನೆಯ ಭಯವೂ ಬಂತು. ಒಗ್ಗರಣೆಯ ಗೋಡಂಬಿ ಬೇರೆ ಇದೆ. "ಯಾಕೆ ಪಾಮ್ ಎಣ್ಣೆ ಹಾಕ್ತೀರಿ?" ಅಂತ ಕೇಳುವವರು ಬಹಳ. ಅಗ್ಗ ಅನ್ನೋದು ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣ, ಅದು ಸೂರ್ಯಕಾಂತಿ ಎಣ್ಣೆಗಿಂತ ನಿಧಾನವಾಗಿ ಕೆಡುತ್ತದೆ. ನಮ್ಮ ಮನೆಯ ಒಗ್ಗರಣೆಗೆ ನಾನು ಕಡಲೆಕಾಯಿ ಎಣ್ಣೆಯನ್ನೇ ಹಾಕುತ್ತೇನೆ. ಅದು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲವಲ್ಲ.

ಕೆಡುತ್ತದೋ ಇಲ್ಲವೋ ಎಂದು ತಿಳಿಯಲು ವರ್ಷವಿಡೀ ಕಾಯುತ್ತಾ ಕೂರಲು ಆಗುವುದಿಲ್ಲ. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದಿರುತ್ತದೆ. ಅದರಲ್ಲಿ 38 ಡಿಗ್ರಿ ಬಿಸಿ, ಶೇ 90ರಷ್ಟು ತೇವಾಂಶ, ಅಂದರೆ ಮಂಗಳೂರಿನ ಸೆಖೆಗಿಂತ ಒಂದು ಕೈ ಮೇಲು. ಪ್ಯಾಕೆಟ್ಟುಗಳನ್ನು ಅಲ್ಲಿಟ್ಟು ವಾರಕ್ಕೊಮ್ಮೆ ತೆಗೆದು ನೋಡುತ್ತೇವೆ. ಬಿಸಿ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ನಮ್ಮ ಕೈಲೆಕ್ಕ. ಲೆಕ್ಕ ಪೂರ್ತಿ ನಿಜವಲ್ಲ. ಹಾಗಾಗಿ ಮಾಮೂಲಿ ಕೋಣೆಯಲ್ಲೂ ಒಂದಿಷ್ಟು ಪ್ಯಾಕೆಟ್ ಇಟ್ಟೇ ಇರುತ್ತೇವೆ. ತೆಗೆದ ಕೂಡಲೇ ಮೊದಲು ಮೂಗು. ಮೆಷಿನ್ನಿನ ರೀಡಿಂಗಿಗಿಂತ ಮೊದಲು ಕಮಟು ಹಿಡಿಯುವುದು ಎಷ್ಟೋ ಸಲ ಅದೇ.

ಗೋಡಂಬಿ ದುಬಾರಿಯಾದಾಗ "ಸ್ವಲ್ಪ ಕಮ್ಮಿ ಮಾಡಿ, ಗೊತ್ತಾಗಬಾರದು" ಎಂದು ಮೇಲಿನಿಂದ ಮಾತು ಬರುತ್ತದೆ. ಗೊತ್ತಾಗುತ್ತದೋ ಇಲ್ಲವೋ ಎಂದು ನೋಡಲು ಮೂರು ಬಟ್ಟಲಿನ ಪರೀಕ್ಷೆ ಇದೆ. ಎರಡರಲ್ಲಿ ಹಳೆಯದು, ಒಂದರಲ್ಲಿ ಹೊಸದು, ಅಥವಾ ಅದಲು ಬದಲು. ಬಟ್ಟಲ ಮೇಲೆ ಹೆಸರಿಲ್ಲ, ಮೂರಂಕಿಯ ಸಂಖ್ಯೆ ಮಾತ್ರ. ಬಣ್ಣ ನೋಡಿ ಊಹಿಸುವಂತಿದ್ದರೆ ಕೆಂಪು ದೀಪ ಹಾಕುತ್ತೇವೆ. ಬೇರೆ ಯಾವುದು, ತೋರಿಸಿ ಅಷ್ಟೇ. ಸುಮ್ನೆ ಕಣ್ಣುಮುಚ್ಚಿ ತೋರಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ. ಅದಕ್ಕಿಂತ ಎಷ್ಟು ಜಾಸ್ತಿ ಜನ ಹಿಡಿದರು ಅನ್ನುವುದರ ಮೇಲೆ ತೀರ್ಮಾನ. ನನಗೆ ಈ ಪರೀಕ್ಷೆ ಇಷ್ಟ. ಮ್ಯಾನೇಜರ್ ಹೇಳಿದರು ಅಂತ ನಾಲಿಗೆ ಬಗ್ಗುವುದಿಲ್ಲ.

ಲೇಬಲ್ಲಿನದು ಬೇರೆಯೇ ರಾಮಾಯಣ. ಯಾವ ಪದಾರ್ಥ ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರಬೇಕು. ಗೋಧಿ, ಹಾಲು, ಗೋಡಂಬಿ ಇದ್ದರೆ ಅಲರ್ಜಿಯವರಿಗಾಗಿ ಹೇಳಲೇಬೇಕು. ನಂಬರ್ ಕಂಡ ಕೂಡಲೇ "ಕೆಮಿಕಲ್" ಎಂದು ಪ್ಯಾಕೆಟ್ ಕೆಳಗಿಡುವವರಿಗೆ ಒಂದು ಮಾತು. 500(ii) ಅಂದರೆ ನಿಮ್ಮ ಡಬ್ಬಿಯಲ್ಲಿರುವ ಅಡುಗೆ ಸೋಡಾ. 330 ಅಂದರೆ ಸಿಟ್ರಿಕ್ ಆಸಿಡ್, ನಿಂಬೆಹಣ್ಣಿನ ಹುಳಿ ಅದರದ್ದೇ. ನಂಬರಿಗಿಂತ ಉಪ್ಪಿನ ಪ್ರಮಾಣ ನೋಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಈ ಕೆಲಸಕ್ಕೆ ಏನು ಓದಬೇಕು ಎಂದು ಕೇಳುವ ಮಕ್ಕಳಿಗೆ ಚಿಕ್ಕ ಉತ್ತರ. ಫುಡ್ ಟೆಕ್ನಾಲಜಿ ಓದಿ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ, ಅದು ಇರುವ ಚೆಲುವಾಂಬ ಮ್ಯಾನ್ಷನ್ ಎಂಬ ಅರಮನೆ ನೋಡುವುದಕ್ಕಾದರೂ ಒಮ್ಮೆ ಹೋಗಿ ಬನ್ನಿ. ಅಡುಗೆ ಬರಲೇಬೇಕಾ ಅಂದರೆ, ಬಂದರೆ ಒಳ್ಳೆಯದು. ಚಮಚದ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ ಒಗ್ಗಿಕೊಳ್ಳುವುದು ಅದಕ್ಕಿಂತ ಮುಖ್ಯ.

ಇಷ್ಟೆಲ್ಲ ಆದ ಮೇಲೂ ಒಂದು ನಮ್ಮ ಕೈಯಲ್ಲಿಲ್ಲ. ಪ್ಯಾಕೆಟ್ಟಿನ ಹಿಟ್ಟಿಗೆ ನೀವು ಕಲಸುವ ಮೊಸರು. ಬೇಸಿಗೆಯ ಕಲಬುರಗಿಯಲ್ಲಿ ಮಧ್ಯಾಹ್ನಕ್ಕೇ ಹುಳಿ ಬಂದಿರುತ್ತದೆ, ಚಳಿಗಾಲದ ಮಡಿಕೇರಿಯಲ್ಲಿ ಬೆಳಗಾದರೂ ಹೆಪ್ಪಾಗಿರುವುದಿಲ್ಲ. ಎರಡೂ ಕಡೆ ಇಡ್ಲಿ ಒಂದೇ ಥರ ಬರಬೇಕು. ಪ್ಯಾಕೆಟ್ಟಿನ ಹಿಂದೆ ಏನು ಬರೆಯಬೇಕು ಎಂದು ತಿಳಿಯಲು, ಅಡುಗೆಮನೆ ಕಡೆ ತಲೆಹಾಕದ ಅಕೌಂಟ್ಸ್ ವಿಭಾಗದವರೊಬ್ಬರನ್ನು ಕರೆದು ಕೈಗೆ ಪ್ಯಾಕೆಟ್ ಕೊಡುತ್ತೇವೆ. ನಾವು ಬಾಯಿಬಿಡುವ ಹಾಗಿಲ್ಲ, ಅವರು ಓದಿಕೊಂಡೇ ಮಾಡಬೇಕು. "ಒಂದು ಕಪ್ ಮೊಸರು" ಎಂದು ಓದಿದವರು ಕಾಫಿ ಲೋಟ ಒಂದು ಕೈಲಿ, ಪಾಯಸದ ಬಟ್ಟಲು ಇನ್ನೊಂದು ಕೈಲಿ ಹಿಡಿದು ನನ್ನ ಮುಖ ನೋಡಿದರು. ಕಪ್ಪಿನ ಪಕ್ಕ ಮಿಲಿಲೀಟರ್ ಸೇರಿದ್ದು ಆ ಮಧ್ಯಾಹ್ನವೇ.