ಮಂಡಿನೋವಿನ ಮಾತ್ರೆ ಬಿಪಿ ಮಾತ್ರೆಯ ಕೆಲಸ ಕೆಡಿಸುವ ಬಗೆ

ಪಾವಗಡ, ಬಾಗೇಪಲ್ಲಿ ಕಡೆ ವಯಸ್ಸಾದವರಿರುವ ಮನೆಗಳಲ್ಲಿ ಮಾತ್ರೆ ಡಬ್ಬಿ ತೆಗೆದರೆ ಎರಡು ಬಗೆಯ ಮಾತ್ರೆ ಒಟ್ಟಿಗೇ ಸಿಗುವುದುಂಟು. ಒಂದು ಡಾಕ್ಟರು ಬರೆದ ಬಿಪಿ ಮಾತ್ರೆ, ಇನ್ನೊಂದು ಮೆಡಿಕಲ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆ. ಬೋರ್‌ವೆಲ್ ನೀರಿನ ಫ್ಲೋರೈಡು, ಹೊಲದಲ್ಲಿ ಬಗ್ಗಿ ಮಾಡುವ ಕೆಲಸ, ವಯಸ್ಸು ಎಲ್ಲ ಸೇರಿ ಮಂಡಿ, ಸೊಂಟ ಹಿಡಿದಿರುತ್ತವೆ. ನೋವು ಸಹಿಸಿಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಆದರೆ “ಮಾತ್ರೆ ತಪ್ಪಿಸಿಲ್ಲ, ಆದ್ರೂ ಬಿಪಿ 160ರಿಂದ ಇಳೀತಿಲ್ಲ” ಎನ್ನುವವರ ಡಬ್ಬಿಯಲ್ಲಿ ಮೊದಲು ಹುಡುಕಬೇಕಾದ್ದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಎಂಬ ನೋವಿನ ಮಾತ್ರೆಗಳು.

ನೋವಿರುವ ಜಾಗದಲ್ಲಿ ಊತ, ಉರಿ ತರುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಈ ಮಾತ್ರೆಗಳು ಅದರ ತಯಾರಿಕೆಯನ್ನೇ ನಿಲ್ಲಿಸುತ್ತವೆ. ತೊಂದರೆ ಏನೆಂದರೆ, ಕಿಡ್ನಿಯಲ್ಲಿ ಇದೇ ರಾಸಾಯನಿಕ ರಕ್ತ ಒಳಬರುವ ನಾಳವನ್ನು ತೆರೆದಿಡುತ್ತದೆ, ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ. ಅದು ನಿಂತರೆ ಉಪ್ಪು ಮೈಯಲ್ಲೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರೂ ಉಳಿಯುತ್ತದೆ. ಬಿಪಿ ಸರಾಸರಿ 5 ಪಾಯಿಂಟಿನಷ್ಟು, ಕೆಲವರಿಗೆ ಅದಕ್ಕಿಂತ ಹೆಚ್ಚೇ ಏರುತ್ತದೆ.

ಬಿಪಿ ಏರುವುದಕ್ಕಿಂತ ಕೆಟ್ಟದ್ದು ಕಿಡ್ನಿಗೆ ಬೀಳುವ ಏಟು. ತೋಟದ ಡ್ರಿಪ್ ಫಿಲ್ಟರನ್ನೇ ನೆನಪಿಸಿಕೊಳ್ಳಿ. ನೀರು ಬರುವ ಕಡೆ ಒಂದು ಗೇಟ್ ವಾಲ್ವ್, ಹೋಗುವ ಕಡೆ ಒಂದು. ಒಳಗೆ ಪ್ರೆಷರ್ ಇದ್ದರೆ ಮಾತ್ರ ಸೋಸುವ ಕೆಲಸ ನಡೆಯುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಇವೆಲ್ಲ ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿನ ಹಿಡಿತ ತಪ್ಪಿಸುವ ಬಿಪಿ ಮಾತ್ರೆಗಳು. ಮೈಯ ರಕ್ತನಾಳ ಸಡಿಲಿಸುವ ಜೊತೆಗೆ ಕಿಡ್ನಿಯ ಹೊರಹೋಗುವ ವಾಲ್ವನ್ನೂ ಸ್ವಲ್ಪ ತೆರೆಯುತ್ತವೆ. ಅಷ್ಟರಿಂದ ಕಿಡ್ನಿಗೆ ಒಳ್ಳೆಯದೇ. ಸೋಸುವ ಜಾಲರಿಯ ಮೇಲಿನ ಭಾರ ಇಳಿಯುತ್ತದೆ. ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಾಲಿಡೋನ್‌ನಂಥ ನೀರಿಳಿಸುವ ಮಾತ್ರೆ ಪಂಪಿನಿಂದ ಬರುವ ನೀರನ್ನೇ ಕಡಿಮೆ ಮಾಡುತ್ತದೆ. ಇದಕ್ಕೂ ಕಿಡ್ನಿ ಹೊಂದಿಕೊಳ್ಳುತ್ತದೆ. ಈಗ ನೋವಿನ ಮಾತ್ರೆ ಬಂದು ಒಳಬರುವ ವಾಲ್ವನ್ನೂ ತಿರುಗಿಸಿ ಬಿಗಿಮಾಡಿಬಿಟ್ಟರೆ ಫಿಲ್ಟರಿನಲ್ಲಿ ಪ್ರೆಷರೇ ಉಳಿಯದು. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ದುಡಿದ ದಿನ, ಇಲ್ಲವೇ ವಾಂತಿ ಭೇದಿ ಆದಾಗ ಕಿಡ್ನಿ ಕೈಕೊಡುವುದು ಹೀಗೆ. ಮೂತ್ರ ಕಡಿಮೆಯಾಗುತ್ತದೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುತ್ತದೆ, ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು.

ತಾವು ನುಂಗುತ್ತಿರುವುದು ಈ ಮೂರರ ಕೂಟವೆಂದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕಾರಣ ಹೆಸರುಗಳು. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ನೀರಿಳಿಸುವ ಮಾತ್ರೆ ಅದರೊಳಗೇ ಸೇರಿದೆ ಎಂದರ್ಥ. ‘ಎಎಂ’ ಎಂದರೆ ಆಮ್ಲೊಡಿಪಿನ್ ಎಂಬ ಇನ್ನೊಂದು ಬಿಪಿ ಮಾತ್ರೆ. ನೋವಿನ ಮಾತ್ರೆಯ ಕೊನೆಯ ‘ಪಿ’ ನೋಡಿ ಇದು ಬರೀ ಪ್ಯಾರಾಸಿಟಮಾಲ್ ಅಂದುಕೊಳ್ಳುತ್ತಾರೆ. ಪಿ ಜೊತೆಗಾರ ಮಾತ್ರ, ಮುಂದೆ ನಿಂತಿರುವುದು ಹೆಚ್ಚಾಗಿ ಅಸೆಕ್ಲೋಫೆನಾಕ್. ಅಂಗಡಿಯಲ್ಲಿ ಕತ್ತರಿಯಿಂದ ಎರಡೆರಡೇ ಮಾತ್ರೆ ಕತ್ತರಿಸಿ ಕೊಟ್ಟರೆ ಆ ತುಂಡಿನ ಹಿಂಬದಿ ಅರ್ಧ ಅಕ್ಷರ ಮಾತ್ರ ಉಳಿದಿರುತ್ತದೆ. ಹೆಸರು ಓದಲಾಗದ ತುಂಡನ್ನು ತರಲೇಬೇಡಿ. ಪೂರ್ತಿ ಹಾಳೆ ಕೇಳಿ. ನೋವಿಗೆ ಹಾಕುವ ಇಂಜೆಕ್ಷನ್ನಿನಲ್ಲೂ ಡೈಕ್ಲೋಫೆನಾಕ್ ಇರಬಹುದು, ಸೂಜಿ ಚುಚ್ಚುವ ಮುಂಚೆಯೇ ಬಿಪಿ ಮಾತ್ರೆಯ ಹಾಳೆ ತೋರಿಸಿ.

ಆಮ್ಲೊಡಿಪಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಕಾಟ ಕಡಿಮೆ. ಅದು ರಕ್ತನಾಳದ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ನಾಳ ಸಡಿಲಿಸುತ್ತದೆ. ಕಿಡ್ನಿಯ ಉಪ್ಪಿನ ಲೆಕ್ಕವನ್ನು ಅಷ್ಟಾಗಿ ನಂಬಿಲ್ಲ. ಆದರೆ ಕಾಲು ಊದಿದರೆ ಗೊಂದಲ ಶುರು. ಆಮ್ಲೊಡಿಪಿನ್‌ನಿಂದಲೂ ಪಾದ ಊದುತ್ತದೆ, ನೋವಿನ ಮಾತ್ರೆಯಿಂದಲೂ ಊದುತ್ತದೆ. ಡಾಕ್ಟರಿಗೆ ಎರಡನ್ನೂ ಹೇಳದಿದ್ದರೆ ತಪ್ಪು ಮಾತ್ರೆ ನಿಲ್ಲುತ್ತದೆ.

ಹೃದಯಕ್ಕೆಂದು 75 ಮಿಲಿಗ್ರಾಂ ಆಸ್ಪಿರಿನ್ ಬರೆದಿದ್ದರೆ ಅದನ್ನು ಇದೇ ಜಾತಿಯ ಮಾತ್ರೆಯೆಂದು ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದವರಿಗಂತೂ ಅದು ಜೀವ ಕಾಯುವ ಮಾತ್ರೆ. ಆದರೆ ಅದರ ಮುಂಚೆ ಐಬುಪ್ರೊಫೆನ್ ನುಂಗಿದರೆ, ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಐಬುಪ್ರೊಫೆನ್ ಕೂತಿರುತ್ತದೆ. ಕೆಲವೇ ಗಂಟೆಗಳಲ್ಲಿ ಆಸ್ಪಿರಿನ್ ರಕ್ತದಿಂದ ಖಾಲಿಯಾಗುತ್ತದೆ, ಆ ದಿನದ ರಕ್ಷಣೆ ಕುಂದುತ್ತದೆ.

ಹಾಗಾದರೆ ಮಂಡಿಗೆ ಏನು? ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್. ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಮಾತ್ರೆಗಿಂತ ತುಂಬ ಕಡಿಮೆ. ಬಿಸಿನೀರಿನ ಶಾಖ, ತೊಡೆಯ ಸ್ನಾಯು ಬಿಗಿಸುವ ವ್ಯಾಯಾಮ ಜೊತೆಗಿರಲಿ. ಸಾಲದಿದ್ದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಆರು ಗಂಟೆ ಅಂತರ ಕೊಟ್ಟು. ಲಿವರ್ ತೊಂದರೆ ಅಥವಾ ಕುಡಿತ ಇದ್ದವರು, ದಿನಾ ಬೇಕಾಗುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್ 1.0 ಇದ್ದದ್ದು 1.2 ಆಯಿತೆಂದು ಗಾಬರಿ ಬೇಡ, ಶೇ 30ರವರೆಗಿನ ಏರಿಕೆ ಸಾಮಾನ್ಯವಾಗಿ ಪರವಾಗಿಲ್ಲ.

ವಾಂತಿ ಭೇದಿ ಹಿಡಿದ ದಿನ ನೋವಿನ ಮಾತ್ರೆ ಮುಟ್ಟಲೇಬೇಡಿ. ಟೆಲ್ಮಿಸಾರ್ಟನ್, ನೀರಿಳಿಸುವ ಮಾತ್ರೆ ಒಂದೆರಡು ದಿನ ಬಿಡಬೇಕೇ ಎಂದು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಹೃದಯದ ಬಡಿತ ತಗ್ಗಿಸುವ ಬಿಪಿ ಮಾತ್ರೆಗಳಾದ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರ ನೀವಾಗಿ ತಟ್ಟನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹೃದಯ ಬಡಿತ ಒಮ್ಮೆಲೇ ಏರಿ ಎದೆನೋವು ಬರಬಹುದು.